ಕಾಲಮಿತಿ ಆಟದಂತೆ ಮುಗಿದ ಕಥೆ

ಮಾನ್ಯರೇ,

‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿ ಮುಗಿದದ್ದು 2019ರ ಮೇಯಲ್ಲಿ. ಮೊನ್ನೆ ಮಳೆಗೆ ಮನೆಯಲ್ಲೇ ಕೂತು ಕೊನೆಯ ಕಂತನ್ನು ಮತ್ತೆ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಒಟ್ಟು 73 ಕಂತುಗಳ ಕಥೆ, ಕೊನೆಯ ಸೀಸನ್‌ಗೆ ಬರೀ 6! ಬೆಳಗಿನವರೆಗೆ ನಡೆಯಬೇಕಾದ ಯಕ್ಷಗಾನವನ್ನು ಕಾಲಮಿತಿಗೆ ಇಳಿಸಿ, ಭಾಗವತರು ಗಡಿಬಿಡಿಯಲ್ಲಿ ಮಂಗಳ ಹಾಡಿದ ಹಾಗಾಯಿತು. ಗುಲಾಮರನ್ನು ಬಿಡಿಸಿದ ರಾಣಿ ಡೆನೇರಿಸ್ ಊರನ್ನೇ ಸುಟ್ಟಳು. ಇರಲಿ, ಒಪ್ಪುತ್ತೇನೆ. ಆದರೆ ಅವಳು ಹಾಗಾಗಲು ಸಮಯ ಕೊಡಬೇಕಿತ್ತು. ನಮ್ಮ ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬರುವ ಮೊದಲು ತೆರೆಯ ಹಿಂದೆ ಎಷ್ಟು ಹೊತ್ತು ಅಬ್ಬರಿಸುತ್ತದೆ, ಅಲ್ವಾ? ಸ್ಟಾರ್ಕ್ ಮನೆತನದ ಹುಡುಗ ಬ್ರಾನ್ ರಾಜನಾದದ್ದಂತೂ ಗಂಟಲಲ್ಲಿ ಇಳಿಯಲಿಲ್ಲ. ಡೆನೇರಿಸ್‌ಳ ಡ್ರ್ಯಾಗನ್ ಬೆಂಕಿಯುಗುಳಿ ಸಿಂಹಾಸನವನ್ನು ಕರಗಿಸಿದಾಗ ಮಾತ್ರ ಕಣ್ಣು ತುಂಬಿತು. “ಇದಕ್ಕೆಲ್ಲ ಅಳುವುದಾ ಮಾರಾಯ” ಅಂತ ಅಮ್ಮ ನಕ್ಕರು.

– ಓದುಗ, ಉಡುಪಿ