ಆ ಹಾಡಿಗೆ ಅತ್ತದ್ದಕ್ಕೆ ನಾಚಬೇಡ

ಚಿರಂಜೀವಿ ತಮ್ಮನಿಗೆ ದೊಡ್ಡವ್ವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಕಡಲೆ ರಾಶಿ ಮುಗಿಯಿತು, ಬಿಳಿಜೋಳ ಇನ್ನೂ ಹೊಲದಲ್ಲಿದೆ. ನಿಮ್ಮವ್ವನ ಮೊಣಕಾಲು ನೋವು ಮೊದಲಿಗಿಂತ ಕಡಿಮೆ, ಆ ಚಿಂತೆ ಬಿಡು.

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗ ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿ ಅಮೆರಿಕದ ನಿನ್ನ ಗೆಳೆಯರ ಮನೆಯಲ್ಲಿ ಯಾರೋ ವಯಸ್ಸಾದವರು ಗಿಟಾರು ಹಿಡಿದು 'ಡಿಪೋರ್ಟಿ' ಎಂಬ ಆ ಹಾಡು ಹಾಡಿದರು, ನೀನು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದಲ್ಲಿ ಕೂತಿದ್ದ ನಮ್ಮ ಕಡೆಯ ಹುಡುಗನೇ "ಕಾಗದ ಇಲ್ಲದೆ ಬಂದವರಿಗೆ ಯಾಕೆ ಅಳ್ತೀ? ನಾವು ಸಾಲಿನಲ್ಲಿ ನಿಂತು ಬಂದವರು" ಅಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. "ದೊಡ್ಡವ್ವಾ, ಮೆಕ್ಸಿಕೊದವರ ಹಾಡಿಗೆ ನನಗ್ಯಾಕೆ ಅಳು ಬಂತು?" ಎಂದು ಕೇಳಿದೆಯಲ್ಲ, ಅದನ್ನೇ ನಾಲ್ಕು ದಿನ ತಲೆಯಲ್ಲಿಟ್ಟುಕೊಂಡು ಈಗ ಬರೆಯಲು ಕೂತಿದ್ದೇನೆ.

ನೀನು ಕಳಿಸಿದ ಹಾಡನ್ನು ಅಂಗಳದಲ್ಲಿ ಕೂತು ಮೂರು ಸಲ ಕೇಳಿದೆ. ನೀನು ಹೇಳಿದ ಅರ್ಥಕ್ಕೆ ನಾನು ಓದಿಕೊಂಡದ್ದನ್ನೂ ಸೇರಿಸಿ, ನನಗೆ ತಿಳಿದ ಹಾಗೆ ಕಥೆ ಹೇಳುತ್ತೇನೆ. ತಪ್ಪಿದ್ದರೆ ತಿದ್ದು.

ಅದು 1948ರ ಜನವರಿ 28. ಗಾಂಧೀಜಿ ಇನ್ನೂ ಎರಡು ದಿನ ಬದುಕಿದ್ದರು. ಕ್ಯಾಲಿಫೋರ್ನಿಯಾದ ಓಕ್ಲೆಂಡಿನಿಂದ ಮೆಕ್ಸಿಕೊ ಗಡಿಯ ಕಡೆಗೆ ಹೊರಟ ಬಾಡಿಗೆ ವಿಮಾನವೊಂದು ಬೆಂಕಿ ಹತ್ತಿ, ರೆಕ್ಕೆ ಮುರಿದು, ಕೋಲಿಂಗ ಎಂಬ ಊರಿನ ಪಶ್ಚಿಮಕ್ಕೆ ಲಾಸ್ ಗಾಟೋಸ್ ಕಣಿವೆಯಲ್ಲಿ ಬಿತ್ತು. (ನಿನ್ನ ಮನೆಯ ಹತ್ತಿರದ ಲಾಸ್ ಗಾಟೋಸ್ ಊರು ಬೇರೆ, ಇದು ಬೇರೆ. ನಾನೂ ಮೊದಲು ಒಂದೇ ಅಂದುಕೊಂಡಿದ್ದೆ.) 32 ಜನರೂ ಸತ್ತರು. ಅವರಲ್ಲಿ 28 ಮಂದಿ ಮೆಕ್ಸಿಕೊದ ಹೊಲಗೂಲಿಗಳು. ಕೆಲವರು ಕರಾರಿನ ಮೇಲೆ ಬಂದು ಅವಧಿ ಮುಗಿಸಿದವರು, ಕೆಲವರು ಕಾಗದವಿಲ್ಲದೆ ಬಂದವರು. ಮಿಕ್ಕ ನಾಲ್ವರು ವಿಮಾನದ ಸಿಬ್ಬಂದಿ ಮತ್ತು ವಲಸೆ ಇಲಾಖೆಯ ಕಾವಲಿನವನು. ಆ 28 ಜನರನ್ನು ಫ್ರೆಸ್ನೊದ ಹೋಲಿ ಕ್ರಾಸ್ ಸ್ಮಶಾನದಲ್ಲಿ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿ, ಮೇಲೆ 28 ಮೆಕ್ಸಿಕೊ ಪ್ರಜೆಗಳು ಎಂದು ಬರೆದ ಫಲಕವೊಂದನ್ನು ಇಟ್ಟರು. ಒಂದೇ ಒಂದು ಹೆಸರಿಲ್ಲ.

ಈ ಸುದ್ದಿ ನ್ಯೂಯಾರ್ಕಿನಲ್ಲಿದ್ದ ವುಡಿ ಗಥ್ರಿ ಎಂಬ ಹಾಡುಗಾರನಿಗೆ ಮುಟ್ಟಿತು. ಅವನಿಗೆ ಮುಟ್ಟಿದ ಸುದ್ದಿಯಲ್ಲಿ ನಾಲ್ವರಿಗೆ ಹೆಸರಿತ್ತು, ಉಳಿದವರೆಲ್ಲ ಬರೀ 'ಡಿಪೋರ್ಟಿ'ಗಳು, ಗಡಿಪಾರಾದವರು. ಅವನೂ ಒಂದು ಕಾಲಕ್ಕೆ ಊರು ಬಿಟ್ಟವನೇ. ಓಕ್ಲಹೋಮದ ಕಡೆ ಬರಗಾಲಕ್ಕೆ ಮಣ್ಣೇ ಗಾಳಿಯಲ್ಲಿ ಎದ್ದು ಹೋದಾಗ ಕ್ಯಾಲಿಫೋರ್ನಿಯಾಕ್ಕೆ ಬಂದವರನ್ನು ಅಲ್ಲಿಯವರು 'ಓಕಿ'ಗಳು ಎಂದು ಹೀನಾಯವಾಗಿ ಕರೆಯುತ್ತಿದ್ದರು. ಅದಕ್ಕೇ ಅವನಿಗೆ ಆ ಒಂದು ಪದ ಚುಚ್ಚಿರಬೇಕು ಎಂಬುದು ನನ್ನ ಎಣಿಕೆ. ಅವನು ಬರೆದದ್ದು ಪದ್ಯ ಮಾತ್ರ. ಸುಮಾರು ಹತ್ತು ವರ್ಷದ ಮೇಲೆ ಮಾರ್ಟಿನ್ ಹಾಫ್‌ಮನ್ ಎಂಬ ಮೇಷ್ಟ್ರು ರಾಗ ಹಾಕಿದರು, ಪೀಟ್ ಸೀಗರ್ ಎಂಬ ಹಾಡುಗಾರರು ಊರೂರಿಗೆ ಹಾಡಿದರು. ರಾಗ ಹಾಕಿದವರು ಶಾಲೆ ಮೇಷ್ಟ್ರು ಅಂತ ಓದಿ ನನಗೆ ಖುಷಿಯಾಯಿತು.

ಬೆಲೆ ಬೀಳಬಾರದೆಂದು ಕಿತ್ತಳೆ ಹಣ್ಣನ್ನು ಸುರಿದು ಹಾಳು ಮಾಡುವ ಮಾತು ಅದರಲ್ಲಿ ಮೊದಲಿಗೇ ಬರುತ್ತದೆ. ಉಳ್ಳಾಗಡ್ಡಿ ರಸ್ತೆಗೆ ಸುರಿದದ್ದನ್ನು ಕಂಡವಳು ನಾನು, ಆ ಸಾಲನ್ನು ನೀನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

1948ರಲ್ಲಿ ನಾನಿನ್ನೂ ಹುಟ್ಟಿರಲಿಲ್ಲ. ನಮ್ಮ ಸೀಮೆ ನಿಜಾಮನ ಕೈಯಲ್ಲಿತ್ತು. ರಜಾಕಾರರ ಹಾವಳಿಗೆ ಹೆದರಿ ನಿಮ್ಮಜ್ಜಿ ಎರಡು ಕೂಸು ಕಟ್ಟಿಕೊಂಡು ಗಡಿ ದಾಟಿ ಗಜೇಂದ್ರಗಡದ ಕಡೆ ಹೋಗಿದ್ದಳು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆದ ಮೇಲೆಯೇ ತಿರುಗಿ ಬಂದದ್ದು. ಅಲ್ಲಿಯವರೂ ಕನ್ನಡದವರೇ, ರೊಟ್ಟಿಯೂ ಅದೇ ಜೋಳದ್ದೇ. ಆದರೂ ಅವ್ವನನ್ನು 'ಮೊಗಲಾಯಿಯಾಕೆ', ಅಂದರೆ ನಿಜಾಮನ ಸೀಮೆಯಾಕೆ, ಎಂದಷ್ಟೇ ಕರೆಯುತ್ತಿದ್ದರಂತೆ. ಒಂದು ನಸುಕಿನಲ್ಲಿ ಯಾರದೋ ಮನೆಯ ಬೀಸುವ ಕಲ್ಲಿನ ಮುಂದೆ ಕೂತು ಅವ್ವ ತವರಿನ ಪದ ಹಾಡಿದಳು. ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಕೂತು ಕಣ್ಣೊರೆಸಿಕೊಂಡರು. ಅವ್ವ ಹೇಳುತ್ತಿದ್ದಳು: "ಅವರ್ಯಾರೂ ನನಗಂತ ಅಳಲಿಲ್ಲ. ತಮ್ಮ ತಮ್ಮ ತವರಿಗೆ ಅತ್ತರು. ಅತ್ತಾದ ಮೇಲೆ ಒಬ್ಬಾಕೆ, ನಿನ್ನ ಹೆಸರೇನವ್ವಾ ಅಂತ ಕೇಳಿದಳು. ನಾ ಬಂದು ಎಂಟು ದಿನ ಆಗಿತ್ತು."

ಇದನ್ನು ಅವಳು ಹೇಳಿದಾಗೆಲ್ಲ ಹೆಸರು ಕೇಳಿದ ಆ ಹೆಂಗಸಿನ ಮಾತು ಬಂದ ಕೂಡಲೇ ನಿಲ್ಲಿಸುತ್ತಿದ್ದಳು. ಮುಂದೇನಾಯಿತು ಎಂದು ಕೇಳಿದರೆ "ಮುಂದೇನು, ಕೂಡಿ ಬೀಸಿದೆವು" ಅನ್ನುತ್ತಿದ್ದಳು.

ಆದ್ದರಿಂದ ತಮ್ಮಾ, ನೀನು ಅತ್ತದ್ದು ನಿನಗಾಗಿಯೇ ಇದ್ದರೂ ನಾಚಬೇಡ. ಆರು ವರ್ಷವಾಯಿತು ನೀನು ನಿಮ್ಮಪ್ಪನ ಸಮಾಧಿಗೆ ಬಾರದೆ. ವೀಸಾದ ಹೆದರಿಕೆಯಲ್ಲಿ ಟಿಕೆಟ್ ರದ್ದು ಮಾಡಿದ್ದೂ ನನಗೆ ಗೊತ್ತು. ಅದೆಲ್ಲ ಎದೆಯಲ್ಲಿ ಕಟ್ಟಿಕೊಂಡಿತ್ತು, ಹಾಡು ಒಡ್ಡು ಒಡೆಯಿತು. ಹಾಡು ಇರುವುದೇ ಅದಕ್ಕೆ. ಆದರೆ ಅಷ್ಟಕ್ಕೇ ನಿಂತು, ಇದು ನನ್ನದೇ ಕಥೆ ಎಂದುಕೊಂಡರೆ ತಪ್ಪಾಗುತ್ತದೆ. ನಿನಗೆ ಕೆಲಸದ ಗುರುತಿನ ಚೀಟಿಯಿದೆ, ಅದರಲ್ಲಿ ನಿನ್ನ ಪೂರ್ತಿ ಹೆಸರಿದೆ. ಅವರದು ಬೇರೆ ಪಾಡು. 1942ರಿಂದ 1964ರವರೆಗೆ ಅಮೆರಿಕ, ಮೆಕ್ಸಿಕೊ ಎರಡೂ ಸರಕಾರಗಳು ಕೂಡಿ ಹೊಲಗೂಲಿಗೆ ಹಾಗೆ 46 ಲಕ್ಷ ಕರಾರು ಮಾಡಿದವಂತೆ, ಒಬ್ಬೊಬ್ಬನೇ ಎಷ್ಟೋ ಸಲ. ಆ ಕೂಲಿಗಳಿಗೆ ಇಟ್ಟ ಹೆಸರು 'ಬ್ರಸೇರೊ'. ಬ್ರಾಸೊ ಎಂದರೆ ಸ್ಪ್ಯಾನಿಷಿನಲ್ಲಿ ತೋಳು. ಬೇಕಾದದ್ದು ತೋಳು ಮಾತ್ರ ನೋಡು. ನಾವೂ "ನಾಳೆ ಕಳೆ ತೆಗೆಯಲು ಹತ್ತಾಳು ಬೇಕು" ಅನ್ನುತ್ತೇವಲ್ಲ, ಹಾಗೆಯೇ.

ನಿನ್ನ ಗೆಳೆಯನ ಮೇಲೆ ಸಿಟ್ಟು ಬಿಡು. ಭಾರತದಲ್ಲಿ ಹುಟ್ಟಿದವರಿಗೆ ಅಲ್ಲೇ ನೆಲೆಸಲು ಕೊಡುವ ಹಸಿರು ಕಾರ್ಡಿನ ಸಾಲು ಎಷ್ಟು ಉದ್ದ ಎಂದು ನೀನೇ ಹೇಳಿದ್ದೀ. ಒಂದೊಂದು ದೇಶಕ್ಕೆ ಶೇ 7ರ ಮಿತಿ ಇಟ್ಟರೆ ನಮ್ಮಂಥ ದೊಡ್ಡ ದೇಶದವರು ಕಾಯುತ್ತಲೇ ಇರಬೇಕು. ಕಾಗದವನ್ನೇ ನಂಬಿ ಇಷ್ಟು ವರ್ಷ ಕಾದವನಿಗೆ, ಕಾಗದವಿಲ್ಲದವರಿಗಾಗಿ ಯಾರೋ ಅತ್ತರೆ ತಾನು ಕಾದದ್ದೆಲ್ಲ ವ್ಯರ್ಥ ಎನಿಸಿರಬೇಕು. ಅವನೂ ಆ ಹಾಡನ್ನು ಕೇಳಿಯೇ ಹಾಗೆ ಅಂದದ್ದು, ಕಿವಿ ಮುಚ್ಚಿಕೊಂಡಲ್ಲ. ವಾದ ಮಾಡಲು ಹೋಗಬೇಡ. ಊಟಕ್ಕೆ ಕರಿ. ವಿಮಾನದಲ್ಲಿದ್ದವರಲ್ಲಿ ಕೆಲವರು ಸಾಲಿನಲ್ಲಿ ನಿಂತು ಕರಾರಿಗೆ ರುಜು ಹಾಕಿ ಬಂದವರೇ ಎಂಬುದನ್ನು ಊಟವಾದ ಮೇಲೆ, ಮೆಲ್ಲಗೆ, ಹೇಳು.

ನನಗೆ ಅಳು ಬಂದದ್ದು ಬೇರೆಯೇ ಕಾರಣಕ್ಕೆ. ಅದನ್ನೂ ಹೇಳಿಬಿಡುತ್ತೇನೆ. ನಾನು 31 ವರ್ಷ ಮಾಸ್ತರಿಕೆ ಮಾಡಿದವಳು. ಸಂಕ್ರಾಂತಿ ದಾಟಿತೆಂದರೆ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದರು. ಮಳೆ ಕೈಕೊಟ್ಟ ವರ್ಷವಂತೂ ಕೇಳುವುದೇ ಬೇಡ. ಅವ್ವ ಅಪ್ಪ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗೋವಾಕ್ಕೋ ಗುಳೆ ಹೊರಟರೆ ಮಕ್ಕಳೂ ಹಿಂದೆ ಹೋಗುತ್ತಿದ್ದವು, ಮನೆಯಲ್ಲಿ ಮುದುಕರಷ್ಟೇ ಉಳಿಯುತ್ತಿದ್ದರು. ಒಂದು ವರ್ಷ ನನ್ನ ತರಗತಿಯಿಂದಲೇ ಹನ್ನೊಂದು ಮಕ್ಕಳು ಹೋದವು. ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರುಗಳ ಮುಂದೆ ಉದ್ದಕ್ಕೆ ಕೆಂಪು ಗೆರೆ ಎಳೆದು 'ಗುಳೆ' ಎಂದು ಬರೆದೆ. ತಪಾಸಣೆಗೆ ಬಂದವರು "ಗುಳೆ ಎಷ್ಟು?" ಎಂದರು, "ಹನ್ನೊಂದು" ಎಂದೆ. ಯುಗಾದಿಗೆ ತಿರುಗಿ ಬಂದ ಮಕ್ಕಳನ್ನು ನಾನೇ "ಗುಳೆಯವರು ಈ ಕಡೆ ಕೂಡ್ರಿ" ಎಂದು ಬೇರೆ ಸಾಲಿನಲ್ಲಿ ಕೂಡಿಸಿದ್ದೆ, ಹಿಂದಿನ ಪಾಠ ಮಾಡಲು ಅನುಕೂಲ ಎಂದು. ನನ್ನ ಸ್ವಂತ ಅವ್ವನನ್ನು ಮೊಗಲಾಯಿಯಾಕೆ ಎಂದು ಕರೆದ ಕಥೆ ಕೇಳುತ್ತ ಬೆಳೆದವಳು ನಾನು. ಆದರೂ ಹಾಗೆ ಕರೆದೆ, ಅದು ನನಗೆ ತಪ್ಪೆಂದು ಹೊಳೆಯಲೇ ಇಲ್ಲ.

ಹಾಡಿನ ಆ ಸಾಲು, ವಿಮಾನ ಹತ್ತಿದ ಮೇಲೆ ನಿಮಗೆ ಹೆಸರಿರುವುದಿಲ್ಲ ಎಂಬುದು, ಎರಡನೇ ಸಲ ಕೇಳಿದಾಗ ಆ ಕೆಂಪು ಗೆರೆ ಕಣ್ಣ ಮುಂದೆ ಬಂತು. ಹನ್ನೊಂದು ಹೆಸರು ನೆನಪಿಸಿಕೊಳ್ಳಲು ಕೂತೆ. ಏಳು ಬಂದವು. ಮುಖಗಳೆಲ್ಲ ನೆನಪಿವೆ, ಒಬ್ಬಳು ಎಡಗೈಯಲ್ಲಿ ಬರೆಯುತ್ತಿದ್ದದ್ದೂ ನೆನಪಿದೆ, ಹೆಸರು ಬರಲೊಲ್ಲದು.

ಫ್ರೆಸ್ನೊದ ಆ ಗೋರಿಗೆ 2013ರ ಸೆಪ್ಟೆಂಬರಿನಲ್ಲಿ ಹೊಸ ಕಲ್ಲು ನಿಲ್ಲಿಸಿ 28 ಹೆಸರುಗಳನ್ನೂ ಕೆತ್ತಿಸಿದರು. ಟಿಮ್ ಹೆರ್ನಾಂಡೆಸ್ ಎಂಬ ಬರಹಗಾರರು ವರ್ಷಗಟ್ಟಲೆ ಹುಡುಕಿದರು, ಜನ ದುಡ್ಡು ಕೊಟ್ಟರು. ನನಗೆ ತಟ್ಟಿದ ಸಂಗತಿ ಇನ್ನೊಂದು. ಫ್ರೆಸ್ನೊದ ಒಂದು ಸ್ಪ್ಯಾನಿಷ್ ಪತ್ರಿಕೆ ವಿಮಾನ ಬಿದ್ದ ಆ ಕಾಲದಲ್ಲೇ ಹೆಸರುಗಳನ್ನು ಅಚ್ಚು ಹಾಕಿತ್ತು. ಸತ್ತವರ ಮನೆತನದವರೊಬ್ಬರು ಆ ಹಾಳೆಯನ್ನು ಅಷ್ಟು ವರ್ಷ ಜೋಪಾನ ಮಾಡಿದ್ದರಂತೆ. 65 ವರ್ಷ ಆ ಹೆಸರುಗಳು ಒಂದು ಮನೆಯಲ್ಲಿ ಭದ್ರವಾಗಿದ್ದವು, ಲೋಕವೆಲ್ಲ ಹೆಸರಿಲ್ಲದವರೆಂದು ಹಾಡುತ್ತಿತ್ತು. ಆದರೂ ಆ ಹಾಡಿಲ್ಲದಿದ್ದರೆ ಆ ಮನೆಯ ಬಾಗಿಲು ಬಡಿಯುವವರೂ ಇರುತ್ತಿರಲಿಲ್ಲವೇನೋ.

ನಿನ್ನ ಮನೆಯಿಂದ ಫ್ರೆಸ್ನೊ ಮೂರು ತಾಸಿನ ದಾರಿಯಂತೆ. ರಜೆ ನೋಡಿಕೊಂಡು ಹೋಗಿ ಬಾ, ಗೆಳೆಯ ಒಪ್ಪಿದರೆ ಅವನನ್ನೂ ಕರೆದುಕೋ. ಕಲ್ಲಿನ ಮೇಲಿನ ಹೆಸರುಗಳನ್ನು ಗಟ್ಟಿಯಾಗಿ ಓದಿ ನನಗೆ ಫೋನಿನಲ್ಲಿ ಕಳಿಸು. ನಿನ್ನ ಆಫೀಸು ಗುಡಿಸಲು ಬರುವ ಅಮ್ಮ ಸ್ಪ್ಯಾನಿಷ್ ಮಾತಾಡುತ್ತಾಳೆ ಎಂದಿದ್ದೆಯಲ್ಲ, ಉಚ್ಚಾರ ಆಕೆಯ ಹತ್ತಿರ ಕಲಿತು ಹೋಗು. ಮೂರು ವರ್ಷದಿಂದ ದಿನಾ ನೋಡುತ್ತೀಯ, ಆಕೆಯ ಹೆಸರನ್ನು ನೀನು ಒಮ್ಮೆಯೂ ಹೇಳಿಲ್ಲ.

ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಟಕ ರೊಟ್ಟಿ ಕಟ್ಟಿಟ್ಟಿದ್ದೇನೆ, ಅತ್ತ ಬರುವವರ ಕೈಯಲ್ಲಿ ಕಳಿಸುತ್ತೇನೆ. ಇಬ್ಬರಿಗಾಗುವಷ್ಟಿದೆ.

ನಾಡಿದ್ದು ಸೋಮವಾರ ಹಳೆಯ ಹಾಜರಿ ಪುಸ್ತಕ ಇದೆಯೇ ಎಂದು ಶಾಲೆಗೆ ಹೋಗಿ ಕೇಳುವವಳಿದ್ದೇನೆ. ನಿನ್ನೆ ರೊಟ್ಟಿ ಬಡಿಯುವಾಗ ಎಂಟನೆಯ ಹೆಸರು ನೆನಪಾಯಿತು.

ನಿನ್ನ
ದೊಡ್ಡವ್ವ