ತೂಕ ಬರೆದರು, ಬಿ.ಪಿ. ಬರೆದರು, ನಂಟು ಹೇಳಲಿಲ್ಲ

ಮಾನ್ಯ ಸಂಪಾದಕರೇ,

ಹಳ್ಳಿಗಾಡಿನ ವಯಸ್ಕರ ಅಧಿಕ ರಕ್ತದೊತ್ತಡದ ಬಗ್ಗೆ ಮಾತು ಬಂದಾಗಲೆಲ್ಲ ಅದು ಉಪ್ಪು, ತಂಬಾಕು, ಮದ್ಯಗಳ ಸುತ್ತಲೇ ತಿರುಗಿ ಮುಗಿಯುತ್ತದೆ. ಮೈತೂಕದ ಪ್ರಸ್ತಾಪ ಬರುವುದು ಅಪರೂಪ. ಬೊಜ್ಜು ಪೇಟೆಯವರ ಪಾಡು, ದುಡಿಯುವ ಮೈಗೆ ಅದು ಅಂಟದು ಎಂಬ ನಂಬಿಕೆ ಹಳ್ಳಿಯವರಲ್ಲಷ್ಟೇ ಅಲ್ಲ, ಅವರನ್ನು ಪರೀಕ್ಷಿಸುವವರಲ್ಲೂ ಬೇರೂರಿರುವುದೇ ಇದಕ್ಕೆ ಕಾರಣವೆಂದು ನನಗನ್ನಿಸುತ್ತದೆ. ಆದರೆ ಆ ಕಾಲ ಸರಿದಿದೆ. 1985ರಿಂದ 2017ರವರೆಗೆ ಜಗತ್ತಿನ ಸುಮಾರು 200 ದೇಶಗಳ ವಯಸ್ಕರ ಎತ್ತರ ಮತ್ತು ತೂಕವನ್ನು ಒಟ್ಟುಗೂಡಿಸಿ ನೋಡಿ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸರಾಸರಿ ದೇಹ ತೂಕ ಸೂಚ್ಯಂಕದ (ಎತ್ತರಕ್ಕೆ ತಕ್ಕಂತೆ ತೂಕ ಎಷ್ಟಿದೆಯೆಂದು ತೋರಿಸುವ ಅಂಕಿ, ಬಿ.ಎಂ.ಐ.) ಏರಿಕೆಯಲ್ಲಿ ಶೇ 55ಕ್ಕೂ ಹೆಚ್ಚಿನ ಪಾಲು ಗ್ರಾಮೀಣ ಪ್ರದೇಶಗಳದ್ದೇ ಆಗಿತ್ತು. ಉಳುವ, ಕೊಯ್ಯುವ ಕೆಲಸ ಯಂತ್ರಕ್ಕೆ ಹೋಯಿತು, ನಡೆಯುತ್ತಿದ್ದ ದಾರಿಗೆ ಬೈಕು ಬಂತು. ಊಟದ ಪ್ರಮಾಣ ಮಾತ್ರ ಮೈಮುರಿದು ದುಡಿಯುತ್ತಿದ್ದ ದಿನಗಳದ್ದೇ ಉಳಿದುಕೊಂಡಿತು.

ನಾನು ನೆರವಿಗೆ ನಿಂತಿದ್ದ ಒಂದು ತಪಾಸಣಾ ಶಿಬಿರದ ಸಂಗತಿ ಹೇಳುತ್ತೇನೆ. 50 ದಾಟಿದ ಕೃಷಿಕರೊಬ್ಬರ ತೂಕ 84 ಕಿಲೋ, ಎತ್ತರ 162 ಸೆಂ.ಮೀ. ಎಂದು ಚೀಟಿಯಲ್ಲಿ ಬರೆದರು. ಅಂದರೆ ಸೂಚ್ಯಂಕ 32. ಸಾಮಾನ್ಯವಾಗಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಎನ್ನುತ್ತಾರೆ. ಬಿ.ಪಿ. ಪಟ್ಟಿಯನ್ನು ಅವರ ತೋಳಿಗೆ ಅಂಗಿಯ ಮೇಲೆಯೇ ಸುತ್ತಿ ಗಾಳಿ ತುಂಬಿದರೆ, ಅದು ಪರ್ ಎಂದು ಬಿಚ್ಚಿಕೊಂಡಿತು. ಎರಡನೆಯ ಸಲ ಕೈಯಿಂದ ಅದುಮಿ ಹಿಡಿದು ನೋಡಿ 158/96 ಎಂದು ದಾಖಲಿಸಿ, ಒಂದು ಮಾತ್ರೆಯ ಹೆಸರು ಬರೆದುಕೊಟ್ಟರು. ತೂಕದ ಅಂಕಿಯೂ ಬಿ.ಪಿ.ಯ ಅಂಕಿಯೂ ಒಂದೇ ಚೀಟಿಯಲ್ಲಿ ಮೇಲೆ ಕೆಳಗೆ ಇದ್ದವು. ಅವೆರಡಕ್ಕೂ ಸಂಬಂಧವಿದೆಯೆಂದು ಅವರಿಗೆ ಯಾರೂ ಹೇಳಲಿಲ್ಲ. ಹೊರಬಂದಾಗ ಜೊತೆಗಿದ್ದವರು, ‘ಮೈಕೈ ತುಂಬಿಕೊಂಡು ಗಟ್ಟಿಮುಟ್ಟಾಗಿದ್ದೀರಿ, ನಿಮಗೆಂಥ ಬಿ.ಪಿ.?’ ಎಂದು ಸಮಾಧಾನ ಹೇಳಿದರು.

ಆ ಸಂಬಂಧವೇನೂ ಗುಟ್ಟಿನದಲ್ಲ. ಹೊಟ್ಟೆಯೊಳಗೆ, ಅಂಗಾಂಗಗಳ ಸುತ್ತ ಶೇಖರವಾಗುವ ಕೊಬ್ಬು ಮೂತ್ರಪಿಂಡಗಳನ್ನು ಒತ್ತುತ್ತದೆ. ಅದೇ ಹೊತ್ತಿಗೆ ರಕ್ತನಾಳಗಳನ್ನು ಬಿಗಿಮಾಡುವ ನರಗಳನ್ನೂ, ಉಪ್ಪನ್ನು ಹೊರಹೋಗದಂತೆ ತಡೆಯುವ ಹಾರ್ಮೋನುಗಳನ್ನೂ ಅದು ಚುರುಕುಗೊಳಿಸುತ್ತದೆ. ಪರಿಣಾಮವಾಗಿ ಉಪ್ಪು ಮತ್ತು ನೀರು ದೇಹದಲ್ಲೇ ಉಳಿದು, ಹರಿಯುವ ರಕ್ತದ ಪ್ರಮಾಣ ಹೆಚ್ಚಿ, ಹೆಚ್ಚಿದ ರಕ್ತವನ್ನು ಬಿಗಿಯಾದ ನಾಳಗಳಲ್ಲಿ ದೂಡುವ ಹೊರೆ ಹೃದಯದ ಮೇಲೆ ಬೀಳುತ್ತದೆ. ಕತ್ತಿನ ಸುತ್ತ ಕೊಬ್ಬು ಬೆಳೆದವರಲ್ಲಿ ನಿದ್ದೆಯ ನಡುವೆ ಉಸಿರು ಕಟ್ಟುವುದೂ ಒತ್ತಡವನ್ನು ಏರಿಸುತ್ತದೆ; ಜೋರು ಗೊರಕೆಯನ್ನು ನಾವು ಗಾಢನಿದ್ದೆಯ ಗುರುತೆಂದು ತಮಾಷೆ ಮಾಡಿ ಬಿಟ್ಟುಬಿಡುತ್ತೇವೆ. ಇಷ್ಟೆಲ್ಲ ನಡೆಯುತ್ತಿದ್ದರೂ ಬಹುಪಾಲು ಜನರಿಗೆ ತಲೆನೋವೂ ಬರುವುದಿಲ್ಲ. ಪಾರ್ಶ್ವವಾಯುವೋ ಹೃದಯಾಘಾತವೋ ಆದ ದಿನವೇ ಬಿ.ಪಿ. ಇತ್ತೆಂದು ತಿಳಿಯುವ ಮನೆಗಳು ಕಡಿಮೆಯೇನಿಲ್ಲ. ತೆಳ್ಳಗಿರುವವರಿಗೆ ಬಿ.ಪಿ. ಬರುವುದಿಲ್ಲ ಎಂಬುದು ಇದರ ಅರ್ಥವಲ್ಲ; ಅವರೂ ತಪಾಸಣೆ ಮಾಡಿಸಿಕೊಳ್ಳಬೇಕಾದವರೇ.

ಬಿಚ್ಚಿಕೊಂಡ ಆ ಪಟ್ಟಿಯ ವಿಷಯವನ್ನು ಹಗುರವಾಗಿ ಕಾಣಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಅಳತೆಯದ್ದನ್ನೇ ಕಟ್ಟಿದಾಗ ಮೇಲಿನ ಅಂಕಿ ಸುಮಾರು 20 ಮಿ.ಮೀ.ನಷ್ಟು (ಬಿ.ಪಿ.ಯನ್ನು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ) ಏರಿ ಕಂಡದ್ದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಾಖಲಾಗಿದೆ. ಹೀಗಾಗಿ ಆ ಕೃಷಿಕರ ನಿಜವಾದ ಒತ್ತಡ ಎಷ್ಟಿತ್ತೆಂದು ನನಗೂ ಗೊತ್ತಿಲ್ಲ, ಮಾತ್ರೆ ಬರೆದವರಿಗೂ ಗೊತ್ತಿಲ್ಲ. ಐದು ನಿಮಿಷ ಕೂರಿಸಿ, ತೋಳನ್ನು ಹೃದಯದ ಮಟ್ಟಕ್ಕೆ ಇರಿಸಿ, ಬರಿಯ ತೋಳಿಗೆ ಸರಿಯಾದ ಪಟ್ಟಿ ಕಟ್ಟಿ ಎರಡು ಸಲ ನೋಡುವುದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ದೊಡ್ಡ ಅಳತೆಯ ಒಂದು ಪಟ್ಟಿ ಬೇಕು, ತುಸು ತಾಳ್ಮೆ ಬೇಕು.

ತೂಕ ಇಳಿಸಿ ಎಂದು ಹೇಳುವುದು ಸುಲಭ, ಇಳಿಸುವುದು ಕಷ್ಟ ಎಂಬುದು ಒಪ್ಪತಕ್ಕ ಮಾತೇ. ಆದರೆ ಇಪ್ಪತ್ತು ಕಿಲೋ ಇಳಿಸಿದರಷ್ಟೇ ಫಲ ಎಂದೇನೂ ಇಲ್ಲ. ಸರಾಸರಿಯಾಗಿ ಒಂದು ಕಿಲೋ ಇಳಿದರೆ ಮೇಲಿನ ಒತ್ತಡ ಸುಮಾರು 1 ಮಿ.ಮೀ. ಇಳಿಯುತ್ತದೆ, ನಾಲ್ಕೈದು ಕಿಲೋ ಇಳಿಸಿಕೊಂಡವರಿಗೆ ಕಾಣುವಷ್ಟು ವ್ಯತ್ಯಾಸವಾಗುತ್ತದೆ. ತೂಕ ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಮಾತ್ರ ಸಲ್ಲದು.

ಗ್ರಾಮೀಣ ತಪಾಸಣೆಗಳನ್ನು ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಶಿಬಿರದ ಚೀಟಿಯಲ್ಲಿ ಸೊಂಟದ ಸುತ್ತಳತೆಗೆ ಒಂದು ಸಾಲು, ಬಳಸಿದ ಪಟ್ಟಿಯ ಅಳತೆಗೆ ಇನ್ನೊಂದು ಸಾಲು ಸೇರಿಸಿ. ಬಿ.ಪಿ. ಹೆಚ್ಚಿದೆ ಎಂದು ಹೇಳುವವರು, ಆ ಹೊತ್ತಿನಲ್ಲೇ, ಆ ವ್ಯಕ್ತಿಯ ತೂಕದ ಅಂಕಿಯನ್ನೂ ತೋರಿಸಿ ಎರಡರ ನಂಟನ್ನು ಅವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಲಿ.

– ಒಬ್ಬ ಓದುಗ