ಪುಟ್ಟಿ, ಮಾತು ಮಾತ್ರ ನಿಲ್ಲಿಸಬೇಡ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ಕೆಲಸ, ಬಾಡಿಗೆ, ವೀಸಾದ ವಿಷಯವೆಲ್ಲ ನಿನ್ನಮ್ಮ ಹೇಳಿದ್ದಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ‘ಇನ್ಮೇಲೆ ಇಂಗ್ಲಿಷೇ ಸಾಕು ದೊಡ್ಡಮ್ಮ, ಸ್ಪ್ಯಾನಿಷ್‌ನಲ್ಲಿ ಬಾಯೇ ಬಿಡಲ್ಲ’ ಅಂತ. ಅದು ಬೇಡ ಪುಟ್ಟಿ.

ಗೆಳತಿಯ ಅಮ್ಮ ನಿನ್ನ ತಟ್ಟೆಗೆ ಇನ್ನೊಂದು ಸೌಟು ಬೀನ್ಸ್ ಬಡಿಸಲು ಬಂದರು. ನೀನು ನಗುತ್ತಾ ‘ನೊ ಮಾಮೆಸ್, ವೇಯ್’ ಅಂದೆ, ‘ತಮಾಷೆ ಮಾಡ್ಬೇಡ ಮಾರಾಯ’ ಅನ್ನುವಂಥ ಒರಟು ಮಾತು. ಸೌಟು ಅಲ್ಲೇ ನಿಂತಿತು, ಊಟದ ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಓದುವಾಗ ನನಗೇ ಎದೆ ಧಸಕ್ಕೆಂದಿತು. ಆದರೆ ನೀನು ಅದನ್ನು ಎಲ್ಲಿ ಕಲಿತೆ ಅಂತ ಆ ತಾಯಿಗೂ ಗೊತ್ತಿರುತ್ತದೆ, ಅಲ್ವಾ? ನೀನಿರುವ ಮೆಕ್ಸಿಕೋದ ಗ್ವಾದಲಹಾರಾದಲ್ಲಿ ನಿನ್ನ ವಯಸ್ಸಿನವರು ಮಾತಿಗೊಂದು ಸಲ ಅದನ್ನೇ ಅನ್ನುತ್ತಾರೆ. ‘ವೇಯ್’ ಹುಟ್ಟಿದ್ದು ಎತ್ತಿಗೆ ಹೇಳುವ ‘ಬ್ವೇಯ್’ ಪದದಿಂದ. ಮೊದಲು ದಡ್ಡ ಅಂತ ಬೈಯುವ ಮಾತು. ಗೆಳೆಯರ ಬಾಯಲ್ಲಿ ಸವೆದು ಸವೆದು ಅದರ ಚೂಪು ಹೋಗಿದೆ. ಗುರುತಿಲ್ಲದವನು ರಸ್ತೆಯಲ್ಲಿ ಅಂದರೆ ಈಗಲೂ ಜಗಳ ಹತ್ತಬಹುದು. ‘ನೊ ಮಾಮೆಸ್’ ಅಂತೂ ಹಿರಿಯರ ಮುಂದೆ ಆಡುವ ಮಾತೇ ಅಲ್ಲ. ಅದನ್ನೇ ಮೆತ್ತಗೆ ಮಾಡಿದ ‘ನೊ ಮಾಂಚೆಸ್’ ಅಂತ ಒಂದಿದೆ. ಅದೂ ಸಲಿಗೆ ಇರುವವರಿಗೇ ಇರಲಿ.

‘ಮ್ಯಾಡ್ರಿಡ್‌ಗೆ ವರ್ಗ ಕೇಳ್ತೀನಿ, ಅಲ್ಲಿ ನಾನು ಪುಸ್ತಕದಲ್ಲಿ ಕಲಿತ ಭಾಷೆ ಇರುತ್ತೆ’ ಅಂತಲೂ ಬರೆದಿದ್ದೀಯ. ಅಲ್ಲಿ ಬಸ್ಸು ಹಿಡಿಯುವುದಕ್ಕೆ ‘ಕೊಹೇರ್’ ಅಂತ ಮಕ್ಕಳು ಮರಿಗಳೂ ಅನ್ನುತ್ತಾರೆ. ಅದೇ ಪದ ಮೆಕ್ಸಿಕೋದಲ್ಲಿ, ಅರ್ಜೆಂಟೀನಾದಲ್ಲಿ ಹಾಸಿಗೆಯ ಮಾತು. ಆ ಬಸ್ಸಿಗೆ ಕ್ಯೂಬಾದಲ್ಲಿ ‘ಗ್ವಾಗ್ವಾ’ ಅಂತಾರೆ, ಚಿಲಿಯಲ್ಲಿ ‘ಗ್ವಾಗ್ವಾ’ ಅಂದರೆ ಎಳೆ ಮಗು. ‘ಪೆಂದೆಹೊ’ ಅಂದರೆ ಬ್ಯೂನಸ್ ಐರಿಸ್‌ನಲ್ಲಿ ಚಿಕ್ಕ ಹುಡುಗ ಅಂತಲೂ ಆಗುತ್ತದೆ, ನೀನಿರುವ ಊರಲ್ಲಿ ಒರಟು ಬೈಗುಳ. ಎಲ್ಲಿಗೆ ಹೋದರೂ ಇದು ತಪ್ಪಿದ್ದಲ್ಲ. ಆಗಲೂ ಬಾಯಿ ಮುಚ್ಚಿ ಕೂರ್ತೀಯಾ?

ನಾನು ಇಷ್ಟು ಹೆದರುವುದಕ್ಕೆ ಕಾರಣ ಇದೆ. ನಿನ್ನ ದೊಡ್ಡಪ್ಪನ ಜೊತೆ ಬ್ಯೂನಸ್ ಐರಿಸ್‌ಗೆ ಹೋದ ಹೊಸತು. ಪಕ್ಕದ ಮನೆಯ ಅಜ್ಜಿ ಬಾಗಿಲು ತೆಗೆದವರೇ ‘ಬಾ ನೆಗ್ರೀತಾ’ ಅಂದರು. ‘ಬಾ ಕಪ್ಪಗಿನವಳೇ’ ಅಂದ ಹಾಗೆ ಕೇಳಿಸಿತು. ಮೈಬಣ್ಣದ ಮಾತನ್ನು ನಮ್ಮೂರಲ್ಲೇ ಬೇಕಾದಷ್ಟು ಕೇಳಿ ಬೆಳೆದವಳು ನಾನು. ಆ ಚಳಿಗಾಲ ಪೂರ್ತಿ ಅವರ ಮನೆ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ದಿನ ಲಿಫ್ಟಿನಲ್ಲಿ ಅವರು ತಮ್ಮ ಮಗಳನ್ನೂ ‘ನೇಗ್ರಾ’ ಅಂತ ಕರೆದರು. ಹೊಂಬಣ್ಣದ ಕೂದಲು, ಬಿಳಿಚಿಕೊಂಡ ಮುಖದ ಹುಡುಗಿ ಅವಳು. ಅಲ್ಲಿ ಗಂಡ ಹೆಂಡತಿಯನ್ನು ‘ಗೋರ್ದಾ’ ಅಂತಾನೆ, ದಪ್ಪಗಿನವಳು ಅಂತ, ಅವಳು ಎಷ್ಟೇ ಸಣಕಲಾಗಿದ್ದರೂ. ಹಾಗಂತ ಎಲ್ಲವನ್ನೂ ಪ್ರೀತಿ ಅಂತ ನುಂಗಿಕೊಳ್ಳಬೇಕಿಲ್ಲ. ಬಸ್ಸಿನಲ್ಲಿ ಒಬ್ಬ ಹಲ್ಲು ಕಚ್ಚಿಕೊಂಡು ಅದೇ ‘ನೇಗ್ರಾ’ ಪದವನ್ನು ನನಗೆ ಅಂದಿದ್ದ. ಅದು ಬೈಗುಳವೇ, ಇವತ್ತಿಗೂ ಬೈಗುಳವೇ.

ಅಜ್ಜಿ ಮರುವರ್ಷ ಮಗನ ಮನೆಗೆ ಕೊರ್ದೊಬಾಕ್ಕೆ ಹೋಗಿಬಿಟ್ಟರು. ಆ ಚಳಿಗಾಲದ ಸಂಜೆಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗೋಡೆಯ ಆಚೆ ಅವರೊಬ್ಬರೇ, ಈಚೆ ನಾನೊಬ್ಬಳೇ. ನೀನೂ ಹಾಗೆ ಒಂದು ಬಾಗಿಲು ಮುಚ್ಚಿಕೊಂಡು ಕೂರುತ್ತೀಯೇನೋ ಅಂತ ನನ್ನ ಭಯ.

ಅರ್ಜೆಂಟೀನಾದವರ ‘ಬೊಲೂದೊ’ ಕೂಡ ಆ ‘ನೇಗ್ರಾ’ ಇದ್ದ ಹಾಗೇ. ಮುಠ್ಠಾಳ ಅಂತ ಬೈಯಲೂ ಅದೇ, ಜೀವದ ಗೆಳೆಯನನ್ನು ಕರೆಯಲೂ ಅದೇ. 2013ರಲ್ಲಿ ಪನಾಮಾದಲ್ಲಿ ಸ್ಪ್ಯಾನಿಷ್ ಭಾಷೆಯ ಸಮ್ಮೇಳನ ನಡೆಯಿತು. ಆ ಸಂದರ್ಭದಲ್ಲಿ ಬೇರೆ ಬೇರೆ ದೇಶದ ಬರಹಗಾರರನ್ನು ನಿಮ್ಮ ದೇಶದ್ದೇ ಅನ್ನುವ ಒಂದು ಪದ ಆರಿಸಿ ಅಂತ ಕೇಳಿದ್ದರು. ಅರ್ಜೆಂಟೀನಾದ ಕವಿ ಹುವಾನ್ ಹೆಲ್ಮನ್ ಆರಿಸಿದ್ದು ಇದನ್ನೇ. ಸ್ಪ್ಯಾನಿಷ್ ಸಾಹಿತ್ಯದ ಅತಿ ದೊಡ್ಡ ಗೌರವವಾದ ಸೆರ್ವಾಂತಿಸ್ ಪ್ರಶಸ್ತಿ ಪಡೆದವರು! ಸರ್ವಾಧಿಕಾರದ ಕಾಲದಲ್ಲಿ ದೇಶದಿಂದ ದೂರ ಉಳಿಯಬೇಕಾಗಿ ಬಂದು, ಕೊನೆಗೆ ಮೆಕ್ಸಿಕೋ ನಗರದಲ್ಲಿ ನೆಲೆಸಿ, ಅಲ್ಲೇ ತೀರಿಕೊಂಡರು. ‘ವೇಯ್’ ಅನ್ನುವವರ ನಡುವೆ ವರ್ಷಗಟ್ಟಲೆ ಬಾಳಿದ ಮನುಷ್ಯ, ಕೇಳಿದಾಗ ‘ಬೊಲೂದೊ’ ಅಂದರು ನೋಡು. ಓದಿದಾಗ ನನಗೆ ಕಣ್ಣು ತುಂಬಿ ಬಂತು.

ನಿನ್ನಪ್ಪ ಹುಬ್ಬಳ್ಳಿಯಲ್ಲಿ ‘ಲೇ’ ಕೇಳಿ ಮುನಿಸಿಕೊಂಡ ಕಥೆ ನಿನಗೆ ಗೊತ್ತೇ ಇದೆ, ಬಿಡು.

ಬುದ್ಧಿ ಹೇಳಿ ನಿನ್ನ ತಲೆ ತಿನ್ನಬಾರದು, ಆದರೂ ಸುಮ್ನೆ ಇರಲು ಆಗುತ್ತಿಲ್ಲ. ಹಿರಿಯರಿಗೆ ‘ಉಸ್ತೆದ್’ ಅನ್ನು, ನಮ್ಮ ‘ನೀವು’ ಇದ್ದ ಹಾಗೆ, ಅವರೇ ‘ತು’, ಅಂದರೆ ‘ನೀನು’, ಸಾಕು ಅನ್ನುವವರೆಗೆ. ಕರೆದರೆ ‘ಮಾಂದೆ’, ‘ಅಪ್ಪಣೆಯಾಗಲಿ’ ಅಂದ ಹಾಗೆ, ಅಂತ ಓಗೊಡು, ಅಲ್ಲಿಯ ತಾಯಂದಿರು ಮಕ್ಕಳಿಗೆ ಕಲಿಸುವುದು ಅದನ್ನೇ. ಹೊಸ ಪದ ಕಿವಿಗೆ ಬಿದ್ದರೆ ‘ಇದನ್ನು ನಿಮ್ಮಮ್ಮನ ಮುಂದೆ ಅನ್ನಬಹುದಾ’ ಅಂತ ಗೆಳತಿಯನ್ನು ಕೇಳು. ಜಾಸ್ತಿ ಏನೂ ಇಲ್ಲ.

ಮತ್ತೆ ಆ ಮನೆಗೆ ಹೋಗು. ಕೈಯಲ್ಲಿ ಏನಾದರೂ ಸಿಹಿ ಇರಲಿ. ತಡವರಿಸಿದರೂ ಪರವಾಗಿಲ್ಲ, ಸ್ಪ್ಯಾನಿಷ್‌ನಲ್ಲೇ ಕ್ಷಮೆ ಕೇಳು. ಇಂಗ್ಲಿಷಿನಲ್ಲಿ ಕೇಳಿದರೆ ಮಗಳೇ ನಡುವೆ ನಿಂತು ಹೇಳಬೇಕಾಗುತ್ತದೆ, ಆ ತಾಯಿಗೆ ನಿನ್ನ ಮಾತು ಮುಟ್ಟುವುದಿಲ್ಲ. ಹೋಗಿ ಬಂದ ತಕ್ಷಣ ಫೋನ್ ಮಾಡು. ಇಲ್ಲಿ ನಡುರಾತ್ರಿಯಾಗಿದ್ದರೂ ಎತ್ತುತ್ತೇನೆ.

ನಿನ್ನ
ದೊಡ್ಡಮ್ಮ